ಅಪ್ಪನ ಬೆನ್ನಿಗೆ ಎಕ್ಸ್‌ಪಾಂಡಬಲ್ ಕೇಜ್ ಹಾಕಬೇಕಂತೆ, ಸಾದಾ ಕೇಜ್ ಸಾಲದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 61. ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಹಾಗಾಗಿ ಬೆನ್ನುನೋವು ಅಂದರೆ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಲಾಮು ಹಚ್ಚಿದ್ದಾಯಿತು, ಶಾಖ ಕೊಟ್ಟಿದ್ದಾಯಿತು. ಮೂರು ತಿಂಗಳಾದರೂ ನೋವು ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಆದರೂ ನಾವು ಆಸ್ಪತ್ರೆಗೆ ಓಡಿದ್ದು ಯಾವಾಗ ಗೊತ್ತಾ? ಒಂದು ದಿನ ಹಾಲು ತರಲು ಹೋದವರು ವಾಪಸ್ ಬಂದಾಗ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. "ಚಪ್ಪಲಿ ಎಲ್ಲಪ್ಪಾ?" ಅಂದರೆ ಬಗ್ಗಿ ಕಾಲು ನೋಡಿಕೊಂಡು "ಅರೆ" ಅಂದರು. ದಾರಿಯಲ್ಲಿ ಕಳಚಿ ಬಿದ್ದದ್ದು ಗೊತ್ತೇ ಆಗಿಲ್ಲ.

ಎಂಆರ್‌ಐನಲ್ಲಿ ಡಿ11, ಡಿ12 (ಬೆನ್ನುಮೂಳೆಯಲ್ಲಿ ಎದೆಯ ಮಟ್ಟದ ಕೊನೆಯ ಎರಡು) ಮೂಳೆಗಳೂ ಟಿಬಿಯಿಂದ ತಿಂದುಹೋಗಿವೆ, ಕೀವು ಬೆನ್ನುಹುರಿಯನ್ನು ಒತ್ತುತ್ತಿದೆ ಅಂತ ಬಂತು. ಸೂಜಿ ಹಾಕಿ ತೆಗೆದ ಕೀವಿನಲ್ಲೂ ಟಿಬಿ ಖಾತ್ರಿಯಾಯಿತು. ಮಾತ್ರೆ ಶುರುವಾಗಿದೆ. ಮೊದಲನೇ ಡಾಕ್ಟರ್ ಹೇಳಿದ್ದು, ಹಾಳಾದ ಮೂಳೆ ತೆಗೆದು ಆ ಜಾಗಕ್ಕೆ ಎಕ್ಸ್‌ಪಾಂಡಬಲ್ ಕೇಜ್, ಅಂದರೆ ಹಿಗ್ಗುವ ಲೋಹದ ಆಸರೆ, ಇಟ್ಟು, ಮೇಲೆ ಕೆಳಗೆ ಸ್ಕ್ರೂ-ರಾಡ್ ಹಾಕುತ್ತೇವೆ ಅಂತ. ಎರಡನೆಯವರು "ಮೆಶ್ ಕೇಜ್ ಸಾಕು, ಅದಕ್ಕೇನೂ ಕೊರತೆಯಿಲ್ಲ" ಅಂದರು. ಎಸ್ಟಿಮೇಟ್ ಹಾಳೆಯಲ್ಲಿ ಇಂಪ್ಲಾಂಟ್ ಅನ್ನುವ ಒಂದೇ ಸಾಲು ಒಟ್ಟು ಖರ್ಚಿನ ಅರ್ಧ ನುಂಗಿದೆ. ಈ ಎಕ್ಸ್‌ಪಾಂಡಬಲ್ ಅಂದರೆ ಒಳಗೆ ಹೋದಮೇಲೆ ಬೆಳೆಯುತ್ತಾ ಇರುತ್ತದಾ? ನಾಳೆ ತಾನಾಗಿ ಇಳಿದುಬಿಟ್ಟರೆ? ತುಕ್ಕು? ಗೊತ್ತಿದ್ದವರು ಹೇಳಿ.

ಓಟಿ_ಅಕ್ಕ

ನಾನು ಡಾಕ್ಟರ್ ಅಲ್ಲ ತಮ್ಮಾ. ಹನ್ನೊಂದು ವರ್ಷದಿಂದ ಆಪರೇಷನ್ ಥಿಯೇಟರ್‌ನಲ್ಲಿ ಸ್ಕ್ರಬ್ ನರ್ಸ್. ಎರಡೂ ಥರದ ಕೇಜ್‌ಗಳನ್ನು ಕೈಯಲ್ಲಿ ಹಿಡಿದು ಕೊಟ್ಟವಳು. ನೋಡಿದ್ದನ್ನು ಹೇಳುತ್ತೇನೆ.

ಮೆಶ್ ಕೇಜ್ ಅಂದರೆ ಟೈಟೇನಿಯಂನ ಜಾಲರಿ ಕೊಳವೆ. ಉದ್ದದ ತುಂಡಾಗಿ ಬರುತ್ತದೆ. ಹಾಳಾದ ಮೂಳೆ ಎಲ್ಲಾ ತೆಗೆದಮೇಲೆ ಸರ್ಜನ್ ಆ ಖಾಲಿ ಜಾಗಕ್ಕೆ ಕ್ಯಾಲಿಪರ್ ಇಟ್ಟು ಅಳತೆ ಹೇಳುತ್ತಾರೆ, ನಾವು ಟೇಬಲ್ ಮೇಲೆ ಕಟರ್‌ನಿಂದ ಕತ್ತರಿಸುತ್ತೇವೆ. ಕತ್ತರಿಸಿದ ತುದಿ ಮುಳ್ಳು ಮುಳ್ಳಾಗಿರುತ್ತದೆ, ಎಷ್ಟೋ ಸಲ ನನ್ನ ಗ್ಲೌಸ್ ಹರಿದಿದೆ. ಒಳಗೆ ರೋಗಿಯದೇ ಮೂಳೆಯ ಚೂರು ತುರುಕಿ, ಗಟ್ಟಿಯಾಗಿ ಒತ್ತಿ ಕೊಡುತ್ತೇವೆ. ಇಟ್ಟು ನೋಡಿದರೆ ಒಂದು ಚೂರು ಉದ್ದ! ವಾಪಸ್ ಕೊಡುತ್ತಾರೆ, ಇನ್ನೊಂದು ಸಾಲು ಕತ್ತರಿಸುತ್ತೇವೆ. ಈಗ ಒಂದು ಚೂರು ಗಿಡ್ಡ, ಅಲ್ಲಾಡುತ್ತದೆ. ಮತ್ತೆ ಹೊಸ ತುಂಡು. ಅಷ್ಟು ಹೊತ್ತು ರಕ್ತ ಹೋಗುತ್ತಲೇ ಇರುತ್ತದೆ, ಅನಸ್ತೇಶಿಯಾ ಡಾಕ್ಟರ್ ಗಡಿಯಾರ ನೋಡುತ್ತಿರುತ್ತಾರೆ.

ಎಕ್ಸ್‌ಪಾಂಡಬಲ್ ಅಂದರೆ ಸುಮ್ನೆ ಕಾರಿನ ಜಾಕ್ ಅಂದುಕೊಳ್ಳಿ. ಮುಚ್ಚಿಕೊಂಡ ಸ್ಥಿತಿಯಲ್ಲಿ ಒಳಗೆ ಹೋಗುತ್ತದೆ. ಜಾಗದಲ್ಲಿ ಕೂತಮೇಲೆ ಸರ್ಜನ್ ಹಿಡಿಕೆ ತಿರುಗಿಸುತ್ತಾರೆ, ಸ್ವಲ್ಪ ಸ್ವಲ್ಪವೇ ಎತ್ತರವಾಗುತ್ತದೆ. ಎರಡು ಸಲ ತಿರುಗಿಸುವುದು, ಸೀ-ಆರ್ಮ್ ಎಕ್ಸ್‌ರೇಯಲ್ಲಿ ನೋಡುವುದು, ಮತ್ತೆ ಅರ್ಧ ಸುತ್ತು. ಮೇಲಿನ ಕೆಳಗಿನ ಮೂಳೆಗೆ ಕಚ್ಚಿಕೊಂಡಾಗ ಕೈಗೆ ಬಿಗಿ ಸಿಗುತ್ತದಂತೆ. ಅಲ್ಲಿಗೆ ನಿಲ್ಲಿಸಿ ಲಾಕ್ ಮಾಡುತ್ತಾರೆ. ಆಮೇಲೆ ಅದು ಬೆಳೆಯುವುದೂ ಇಲ್ಲ, ತಾನಾಗಿ ಇಳಿಯುವ ಹಾಗೂ ಮಾಡಿರುವುದಿಲ್ಲ. ಹಿಗ್ಗುವ ಕೆಲಸ ಥಿಯೇಟರ್‌ನಲ್ಲೇ ಮುಗಿಯಿತು. ಟೈಟೇನಿಯಂ ನಮ್ಮ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ಆ ಚಿಂತೆ ಬಿಡಿ.

ಪೀಜಿ_ಮುಗಿಸಿದವ

ಓಟಿ ಅಕ್ಕ ಹೇಳಿದ್ದು ಪಕ್ಕಾ. ನಾನು ಆರ್ಥೋ, ಈಗ ಸ್ಪೈನ್ ಫೆಲೋಶಿಪ್‌ನಲ್ಲಿದ್ದೇನೆ. ಮೊದಲು ಒಂದು ಮಾತು, ತುಂಗಾತೀರ ಅವರೇ. ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು ಬೆನ್ನುಹುರಿ ಒತ್ತಿರುವುದರ ಹಳೇ ಲಕ್ಷಣ, ನಮಗೆ ಪಾಠದಲ್ಲೇ ಹೇಳಿಕೊಡುತ್ತಾರೆ. ಕಾಲಿನ ಶಕ್ತಿ ಇನ್ನೂ ಕಮ್ಮಿಯಾದರೆ, ಮೂತ್ರ ನಿಂತರೆ ಅಥವಾ ಹಿಡಿತ ತಪ್ಪಿದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಅವತ್ತೇ ಅಡ್ಮಿಟ್ ಮಾಡಿ. ಯಾವ ಕೇಜ್ ಅನ್ನುವುದು ಆಮೇಲಿನ ಮಾತು.

ಈಗ ವಿಷಯಕ್ಕೆ. ಬೆನ್ನಿನ ಟಿಬಿ ಬಂದವರಿಗೆಲ್ಲಾ ಆಪರೇಷನ್ ಬೇಕಾಗಿಲ್ಲ, ಹೆಚ್ಚಿನವರು ಮಾತ್ರೆಯಲ್ಲೇ ವಾಸಿಯಾಗುತ್ತಾರೆ. ಇದು ನಮ್ಮ ದೇಶದಲ್ಲೇ ಗಟ್ಟಿಯಾದ ಪಾಠ. ಹಾಂಗ್‌ಕಾಂಗ್‌ನಲ್ಲಿ ಹಾಜ್‌ಸನ್ ಮತ್ತು ಸ್ಟಾಕ್ ಎಂಬ ಸರ್ಜನ್‌ಗಳು 1956ರಲ್ಲಿ ಎದುರಿನಿಂದ ಹೋಗಿ ಕೆಟ್ಟ ಮೂಳೆಯನ್ನೆಲ್ಲಾ ತೆಗೆದು ಮೂಳೆ ಕಸಿ ಮಾಡುವ ದಾರಿ ತೋರಿಸಿದರು. ಇತ್ತ ನಮ್ಮ ಎಸ್.ಎಂ. ತುಲಿ ಅವರು ಮಧ್ಯಮ ಮಾರ್ಗ ಅಂತ ಒಂದು ಪದ್ಧತಿ ಮಾಡಿ 1975ರಲ್ಲಿ ಪ್ರಕಟಿಸಿದರು: ಮೊದಲು ಔಷಧಿ ಕೊಡಿ, ಅದಕ್ಕೆ ಜಗ್ಗದವರಿಗೆ, ನರದ ತೊಂದರೆ ಸುಧಾರಿಸದವರಿಗೆ ಮಾತ್ರ ಚಾಕು ಹಿಡಿಯಿರಿ ಅಂತ. ಇವತ್ತಿಗೂ ನಾವು ಹೆಚ್ಚುಕಡಿಮೆ ಅದೇ ದಾರಿಯಲ್ಲಿದ್ದೇವೆ. ನಿಮ್ಮ ಅಪ್ಪನಿಗೆ ಕಾಲು ಸೋಲುತ್ತಿದೆ, ಎರಡು ಮೂಳೆ ಕುಸಿದಿದೆ. ಹಾಗಾಗಿ ಇಬ್ಬರೂ ಡಾಕ್ಟರ್‌ಗಳು ಆಪರೇಷನ್ ಅಂದದ್ದು ಸರಿಯಾಗೇ ಇದೆ. ತಕರಾರಿರುವುದು ಕೇಜ್ ಬಗ್ಗೆ ಮಾತ್ರ, ಅಲ್ವಾ?

ಅವರಿಬ್ಬರೂ ಎಲ್ಲಿಂದ ಒಳಗೆ ಹೋಗುತ್ತಾರೆ ಅಂತ ಕೇಳಿದ್ದೀರಾ? ಎದೆಯ ಪಕ್ಕದಿಂದಲೋ, ಬೆನ್ನಿನಿಂದಲೋ? ಅರ್ಧ ಉತ್ತರ ಅಲ್ಲೇ ಇದೆ.

ತುಂಗಾತೀರ

ಕೇಳಿಲ್ಲ ಸಾರ್. ಬೆನ್ನಿನ ಆಪರೇಷನ್ ಅಂದಮೇಲೆ ಬೆನ್ನಿನಿಂದಲೇ ಅಂದುಕೊಂಡಿದ್ದೆ. ಎದೆಯಿಂದಲೂ ಹೋಗುತ್ತಾರಾ?!

ಪೀಜಿ_ಮುಗಿಸಿದವ

ಹೋಗುತ್ತಾರೆ. ಬೆನ್ನು ಮುಟ್ಟಿದರೆ ಕೈಗೆ ಸಿಗುವುದು ಮೂಳೆಯ ಹಿಂಭಾಗ. ಭಾರ ಹೊರುವ ದಪ್ಪ ಭಾಗ ಇರುವುದು ಮುಂದೆ, ಮಧ್ಯದಲ್ಲಿ ಬೆನ್ನುಹುರಿ. ಟಿಬಿ ತಿನ್ನುವುದು ಸಾಮಾನ್ಯವಾಗಿ ಮುಂದಿನದನ್ನೇ. ಪಕ್ಕೆಲುಬು ಬಿಡಿಸಿ ಎದೆಯ ಪಕ್ಕದಿಂದ ಹೋದರೆ ಜಾಗ ನೇರವಾಗಿ ಕಾಣುತ್ತದೆ, ಮೆಶ್ ಕೇಜ್ ಆರಾಮಾಗಿ ಕೂರುತ್ತದೆ. ಆದರೆ ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಬೇಕು, ಆಮೇಲೆ ಕೆಲವು ದಿನ ಎದೆಯಲ್ಲಿ ಟ್ಯೂಬ್ ಇರುತ್ತದೆ. ಶ್ವಾಸಕೋಶದಲ್ಲೂ ಟಿಬಿ ಇದ್ದವರಿಗೆ, ಬೀಡಿ ಸಿಗರೇಟು ಸೇದಿದವರಿಗೆ ಇದು ಕಷ್ಟ.

ಬೆನ್ನಿನಿಂದಲೇ ಹೋದರೆ ಒಂದೇ ಗಾಯದಲ್ಲಿ ಸ್ಕ್ರೂನೂ ಆಯಿತು, ಮೂಳೆ ತೆಗೆದದ್ದೂ ಆಯಿತು. ಆದರೆ ಕೇಜ್ ಅನ್ನು ಬೆನ್ನುಹುರಿಯ ಪಕ್ಕದ ಸಂದಿಯಲ್ಲಿ, ನರಗಳ ನಡುವೆ ನುಗ್ಗಿಸಿ ಮುಂದಕ್ಕೆ ಒಯ್ಯಬೇಕು. ಪೂರ್ತಿ ಎತ್ತರದ ಜಾಲರಿಯನ್ನು ಹಾಗೆ ಓರೆ ಮಾಡಿ ತಿರುಗಿಸುವಾಗ ಅದರ ಚೂಪು ತುದಿ ಬೆನ್ನುಹುರಿಗೆ ತಾಕಿದರೆ ಕಥೆ ಮುಗಿಯಿತು. ಎದೆಯ ಮಟ್ಟದಲ್ಲಾದರೆ ಒಂದು ನರವನ್ನು ಬೇಕಂತಲೇ ಕತ್ತರಿಸಿ ದಾರಿ ಮಾಡಿಕೊಳ್ಳಬಹುದು, ಎದೆ ಅಥವಾ ಹೊಟ್ಟೆಯ ಮೇಲೆ ಒಂದು ಪಟ್ಟಿಯಷ್ಟು ಜಾಗ ಜೋಮು ಹಿಡಿದ ಹಾಗಿರುತ್ತದೆ, ಅಷ್ಟೇ. ಸೊಂಟದ ಮಟ್ಟದಲ್ಲಿ ಅದು ಆಗುವುದಿಲ್ಲ, ಆ ನರಗಳೇ ಕಾಲು ಆಡಿಸುವುದು. ಇಂಥ ಕಡೆ ಚಿಕ್ಕದಾಗಿ ಹೋಗಿ ಒಳಗೆ ದೊಡ್ಡದಾಗುವ ಕೇಜ್‌ಗೆ ನಿಜವಾದ ಬೆಲೆ ಇದೆ. ಮುಂದಕ್ಕೆ ಬಾಗಿದ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಲೂ ಅನುಕೂಲ.

ಅದರ ಆಚೆಗೆ ಮೂಳೆ ಇದರಲ್ಲೇ ಚೆನ್ನಾಗಿ ಕೂಡುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಳಗೆ ಸ್ಕ್ರೂ ಹಲ್ಲು ಎಲ್ಲಾ ಇರುವುದರಿಂದ ಮೂಳೆ ಚೂರು ತುಂಬಲು ಜಾಲರಿಯಷ್ಟು ಜಾಗವೇ ಇರುವುದಿಲ್ಲ. ಸುತ್ತಲೂ ಪಕ್ಕೆಲುಬಿನ ತುಂಡು ಇಟ್ಟು ಸರಿದೂಗಿಸುತ್ತೇವೆ.

ಹುಬ್ಬಳ್ಳಿ_ಮಿರ್ಚಿ

ಡಾಕ್ಟರ್ ಸಾಹೇಬರ, ಎಲ್ಲಾ ಛಲೋ ಹೇಳಿದ್ರಿ. ಆದರೆ ಜಾಕ್ ಎತ್ತಲು ನೆಲ ಗಟ್ಟಿ ಇರಬೇಕಲ್ರೀ? ನಮ್ಮ ಅವ್ವನ ಕಥೆ ಕೇಳಿ.

ಅವ್ವಗ 68. ಟಿಬಿ ಅಲ್ಲ, ಬಚ್ಚಲದಾಗ ಜಾರಿ ಬಿದ್ದು ಎಲ್1 (ಸೊಂಟದ ಮೊದಲ ಮೂಳೆ) ಒಡೆದು ಪುಡಿಯಾಗಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ (ಹೆಸರು ಬೇಡ) ಇದೇ ಹಿಗ್ಗುವ ಕೇಜ್ ಹಾಕಿದರು. ಮೊದಲನೇ ಎಕ್ಸ್‌ರೇ ನೋಡಿ ನಾವೆಲ್ಲಾ ಖುಷಿಯಾದೆವು, ಕಂಬ ನಿಂತ ಹಾಗೆ ನಿಂತಿತ್ತು. ಎರಡು ತಿಂಗಳಿಗೆ ಮತ್ತೆ ನೋವು. ಎಕ್ಸ್‌ರೇಯಲ್ಲಿ ಕೇಜ್‌ನ ಕೆಳಗಿನ ತಟ್ಟೆ ಎಲ್2 ಮೂಳೆಯೊಳಗೆ ಹೂತುಹೋಗಿತ್ತು, ಹಸಿ ಮಣ್ಣಿನಲ್ಲಿ ಮಂಚದ ಕಾಲು ಇಳಿದ ಹಾಗೆ. ಬೇರೆ ಕಡೆ ತೋರಿಸಿದಾಗ ಆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರಾ?" ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಸ್ಕ್ಯಾನ್ ಅದು. ಮಾಡಿಸಿರಲಿಲ್ಲ. ಯಾರೂ ಹೇಳಿರಲಿಲ್ಲ. ಮಾಡಿಸಿದರೆ ಟಿ-ಸ್ಕೋರ್ ಮೈನಸ್ 3.4. ಮೈನಸ್ 2.5ಕ್ಕೇ ಮೂಳೆ ಸವೆತ ಅನ್ನುತ್ತಾರೆ. ಅಷ್ಟು ದುಡ್ಡಿನ ಕೇಜ್ ಹಾಕುವವರಿಗೆ ಆ ಒಂದು ಸ್ಕ್ಯಾನ್ ಬೇಡವಾಯಿತು ನೋಡ್ರಿ. ಮತ್ತೊಂದು ಆಪರೇಷನ್ ಆಯಿತು, ಸಿಮೆಂಟ್ ಹಾಕಿದ ಸ್ಕ್ರೂ, ಉದ್ದ ರಾಡ್. ಈಗ ಮೂಳೆ ಗಟ್ಟಿಯಾಗಲು ಔಷಧಿ ನಡೆದಿದೆ. ಓಡಾಡುತ್ತಾಳೆ, ಆದರೆ ರೊಟ್ಟಿ ಬಡಿಯಲು ಕೂಡುವುದು ಬಿಟ್ಟಿದ್ದಾಳೆ.

ಓಟಿ_ಅಕ್ಕ

ಮಿರ್ಚಿ ಅಣ್ಣಾ, ಓದಿ ಸಂಕಟವಾಯಿತು. ನಮ್ಮಲ್ಲೂ ಒಮ್ಮೆ ಹಿಡಿಕೆ ತಿರುಗಿಸುತ್ತಾ ಇದ್ದ ಹಾಗೇ ಬಿಗಿ ಸಿಕ್ಕಿದ್ದು ಹಠಾತ್ತನೆ ಸಡಿಲವಾಯಿತು. ಸರ್ಜನ್ ಒಂದು ಕ್ಷಣ ಮಾತಾಡಲಿಲ್ಲ. ಮೂಳೆಯ ಮೇಲ್ಪದರ ಒಡೆದಿತ್ತು.

ಪೀಜಿ_ಮುಗಿಸಿದವ

ಇದೇ ಇದರ ದೊಡ್ಡ ದೋಷ, ಮಿರ್ಚಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಮೂಳೆಯ ಮೇಲೂ ಕೆಳಗೂ ತೆಳ್ಳಗಿನ ಗಟ್ಟಿ ಪದರ ಇರುತ್ತದೆ, ಎಂಡ್‌ಪ್ಲೇಟ್ ಅನ್ನುತ್ತೇವೆ. ಒಳಗೆಲ್ಲಾ ಸ್ಪಂಜಿನಂಥದ್ದು. ಆ ಪದರ ಒಡೆದರೆ ಕೇಜ್ ಕುಸಿಯುವುದೇ ಸೈ. ಮೆಶ್ ಕೇಜ್ ಕೂಡ ಕುಸಿಯುತ್ತದೆ, ಅದರ ಚೂಪು ಅಂಚು ಬೇರೆ ರೀತಿ ಕೊರೆಯುತ್ತದೆ. ಆದರೆ ಜಾಕ್‌ನ ಬಲ ಎಷ್ಟೆಂದರೆ, ಕೈ ಸ್ವಲ್ಪ ಧಾರಾಳವಾದರೂ ಸರ್ಜನ್‌ಗೆ ಗೊತ್ತಾಗುವ ಮೊದಲೇ ಮೂಳೆ ಸೋತಿರುತ್ತದೆ. ಅದಕ್ಕೇ ಅಗಲವಾದ ತಟ್ಟೆ ಇರುವ ಕೇಜ್ ಆರಿಸುವುದು, ಬೇಕಾದ್ದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸುವುದು, ಉಳಿದ ಬಿಗಿಯನ್ನು ಹಿಂದಿನ ಸ್ಕ್ರೂ-ರಾಡ್‌ನಿಂದ ತೆಗೆದುಕೊಳ್ಳುವುದು.

ಬೆಣ್ಣೆದೋಸೆ

ನಡುವೆ ತಲೆ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜಿಗೆ ಬೆನ್ನಿನ ಮೂಳೆ ಕುಸಿದಿದೆ, ಬಲೂನ್ ಹಾಕಿ ಎತ್ತುತ್ತೇವೆ ಅಂದಿದ್ದಾರೆ. ಇದೂ ಅದೇನಾ? ಇನ್ನೊಂದು, ನಮ್ಮ ಅಣ್ಣನ ಮಗಳಿಗೆ ಬೆನ್ನು ಸೊಟ್ಟ, ಆರು ವರ್ಷ. ಅವಳಿಗೆ ಬೆಳೆಯುವ ರಾಡ್ ಅಂತ ಹೇಳಿದ್ದಾರೆ.

ಪೀಜಿ_ಮುಗಿಸಿದವ

ಮೂರೂ ಬೇರೆ ಬೇರೆ. ಅಜ್ಜಿಯದು ಕೈಫೋಪ್ಲಾಸ್ಟಿ. ಬೆನ್ನಿನ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಕುಸಿದ ಮೂಳೆಯೊಳಗೆ ಬಲೂನ್ ಉಬ್ಬಿಸಿ, ಆ ಖಾಲಿ ಜಾಗಕ್ಕೆ ಸಿಮೆಂಟ್ ತುಂಬುವುದು. ಮೂಳೆ ತೆಗೆಯುವುದಿಲ್ಲ. ಬಲೂನ್ ಇಲ್ಲದೆ ಬರೀ ಸಿಮೆಂಟ್ ಹಾಕುವುದು 1984ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದದ್ದು, ಬಲೂನ್ ಆಮೇಲೆ ಅಮೆರಿಕದಲ್ಲಿ ಬಂತು. ಈಗ ಬಲೂನ್ ಬದಲು ಮೂಳೆಯೊಳಗೇ ಬಿಟ್ಟುಬಿಡುವ ಚಿಕ್ಕ ಟೈಟೇನಿಯಂ ಜಾಕ್‌ಗಳೂ ಇವೆ. ಆದರೆ ಅವಸರ ಬೇಡ. 2009ರಲ್ಲಿ ಬಂದ ಎರಡು ಹೆಸರಾದ ಅಧ್ಯಯನಗಳಲ್ಲಿ ಬರೀ ಸಿಮೆಂಟ್ ಹಾಕಿದವರಿಗೂ, ಹಾಕಿದ ಹಾಗೆ ಡಾಕ್ಟರ್ ಬರೀ ನಾಟಕ ಮಾಡಿದ ರೋಗಿಗಳಿಗೂ ನೋವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದರ ಮೇಲೆ ಇವತ್ತಿಗೂ ಜಗಳ ಇದೆ. ಅಜ್ಜಿ ಕೆಲವು ವಾರ ಬೆಲ್ಟ್, ಮಾತ್ರೆಯಲ್ಲಿ ಸುಧಾರಿಸುತ್ತಾರಾ ನೋಡಿ. ಸುಧಾರಿಸದಿದ್ದರೆ ಆಗ ಮಾತಾಡಿ.

ಮಗುವಿನದು ಮಾತ್ರ ನಿಜಕ್ಕೂ ಒಳಗಿದ್ದುಕೊಂಡೇ ಉದ್ದವಾಗುವ ಸಾಮಾನು. ಮೊದಲೆಲ್ಲಾ ಸುಮಾರು ಆರು ತಿಂಗಳಿಗೊಮ್ಮೆ ಮಗುವನ್ನು ಥಿಯೇಟರ್‌ಗೆ ಒಯ್ದು ರಾಡ್ ಉದ್ದ ಮಾಡುತ್ತಿದ್ದರು. ಆಮೇಲೆ ಹೊರಗಿನಿಂದ ಆಯಸ್ಕಾಂತ ತಿರುಗಿಸಿ ಉದ್ದ ಮಾಡುವ ರಾಡ್ ಬಂತು, ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಎಷ್ಟು ಚಂದ ಅಂದುಕೊಂಡೆವು. ಒಳಗಿನ ಭಾಗ ಸವೆದು ಲೋಹದ ಪುಡಿ ಬರುವುದು ಕಂಡು 2020ರಲ್ಲಿ ಬ್ರಿಟನ್‌ಗೆ ಅದರ ಪೂರೈಕೆ ನಿಂತಿತು. ಮಗುವಿನ ವಿಷಯಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಳೆದುಹೋಗುತ್ತದೆ.

ಲೆಕ್ಕದ_ಮೇಷ್ಟ್ರು

ದುಡ್ಡಿನ ಮಾತು ಯಾರೂ ಆಡುತ್ತಿಲ್ಲ, ನಾನೇ ಆಡುತ್ತೇನೆ. 2017ರಲ್ಲಿ ಹೃದಯದ ಸ್ಟೆಂಟ್‌ಗೆ, ಮಂಡಿ ಇಂಪ್ಲಾಂಟ್‌ಗೆ ಸರ್ಕಾರ ಬೆಲೆ ಕಟ್ಟಿತು, ನೆನಪಿದೆಯಲ್ವಾ? ಬೆನ್ನಿನ ಕೇಜ್‌ಗೆ ಹಾಗೆ ಬೆಲೆ ಕಟ್ಟಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲಾ ವೈದ್ಯಕೀಯ ಸಾಧನಗಳೂ ಔಷಧಿಯ ಲೆಕ್ಕಕ್ಕೆ ಬಂದವು, ಹಾಗಾಗಿ ಎಂಆರ್‌ಪಿಯನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಅಷ್ಟೇ. ಮೊದಲೇ ಎಂಆರ್‌ಪಿ ಆಕಾಶದಲ್ಲಿದ್ದರೆ ಶೇ. 10ರ ಕಡಿವಾಣದಿಂದ ಏನುಪಯೋಗ ಹೇಳಿ.

ಹಾಗಾಗಿ ಎಂಆರ್‌ಪಿ ನೋಡಿ ಸುಮ್ಮನಾಗಬೇಡಿ, ಚೌಕಾಸಿ ಮಾಡಿ. ನಾಚಿಕೆ ಪಡಬೇಡಿ. ನಮ್ಮ ಭಾವನ ಆಪರೇಷನ್‌ನಲ್ಲಿ "ಇದೇ ಕೆಲಸಕ್ಕೆ ಬೇರೆ ಕಂಪನಿಯದು ಇಲ್ವಾ ಸಾರ್" ಅಂತ ಒಂದೇ ಮಾತು ಕೇಳಿದ್ದಕ್ಕೆ ಇಂಪ್ಲಾಂಟ್ ಬಿಲ್ ಮೂರನೇ ಒಂದು ಭಾಗ ಇಳಿಯಿತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ. ಪ್ಯಾಕೇಜ್‌ನಲ್ಲಿ ಯಾವ ಕೇಜ್ ಸೇರಿದೆ ಅಂತ ಅಡ್ಮಿಟ್ ಆಗುವ ಮೊದಲೇ ಆರೋಗ್ಯಮಿತ್ರರ ಹತ್ತಿರ ಕೇಳಿ, ಆಮೇಲೆ ಕೇಳಿದರೆ ಉಪಯೋಗವಿಲ್ಲ. ಟಿಬಿ ಕೇಸ್ ನಿಕ್ಷಯ್‌ನಲ್ಲಿ (ಸರ್ಕಾರದ ಟಿಬಿ ಪೋರ್ಟಲ್) ದಾಖಲಾಗಿದೆಯಾ ನೋಡಿ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ 500 ಇತ್ತು.

ಓಟಿ_ಅಕ್ಕ

ಮೇಷ್ಟ್ರೇ, ಒಂದು ಸೇರಿಸಿ. ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲೂ ಸ್ಟಿಕರ್ ಇರುತ್ತದೆ, ಅಳತೆ, ಲಾಟ್ ನಂಬರ್ ಎಲ್ಲಾ ಅದರಲ್ಲಿ. ನಾವು ಒಂದನ್ನು ಕೇಸ್ ಶೀಟ್‌ಗೆ ಅಂಟಿಸುತ್ತೇವೆ. ಡಿಸ್ಚಾರ್ಜ್ ದಿನ ನಿಮ್ಮ ಫೈಲ್‌ಗೂ ಒಂದು ಕೇಳಿ ಇಸಿದುಕೊಳ್ಳಿ. ನಾಳೆ ಎಂಆರ್‌ಐ ಮಾಡಿಸಬೇಕಾದರೆ, ಅಥವಾ ಸಾಮಾನು ಕೆಟ್ಟು ದೂರು ಕೊಡಬೇಕಾದರೆ ಅದೇ ದಾಖಲೆ. ಬಿಲ್‌ನಲ್ಲಿ ಎಕ್ಸ್‌ಪಾಂಡಬಲ್ ಅಂತ ಇದ್ದು ಸ್ಟಿಕರ್‌ನಲ್ಲಿ ಮೆಶ್ ಇದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಜಾಸ್ತಿ ಹೇಳುವುದಿಲ್ಲ.

ತುಂಗಾತೀರ

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಬ್ಬರ ಹತ್ತಿರವೂ ಮತ್ತೆ ಹೋಗಿ, ಎಲ್ಲಿಂದ ಒಳಗೆ ಹೋಗುತ್ತೀರಿ ಅಂತ ಕೇಳಿದೆ. ಮೊದಲನೆಯವರು ಬೆನ್ನಿನಿಂದ, ಎರಡನೆಯವರು ಎದೆಯ ಪಕ್ಕದಿಂದ! ಎರಡು ಅಭಿಪ್ರಾಯ ಬಂದದ್ದು ಇದಕ್ಕೇ. ಯಾರೂ ಮೋಸ ಮಾಡುತ್ತಿರಲಿಲ್ಲ ಅಂತ ಗೊತ್ತಾಗಿ ಮನಸ್ಸು ಹಗುರವಾಯಿತು. ಅಪ್ಪ ವರ್ಷಗಟ್ಟಲೆ ಬೀಡಿ ಸೇದಿದವರು, ಊದುವ ಪರೀಕ್ಷೆಯಲ್ಲಿ ಶ್ವಾಸಕೋಶ ಅಷ್ಟಕ್ಕಷ್ಟೇ ಅಂತ ಬಂತು. ಎರಡನೇ ಡಾಕ್ಟರೇ "ಹಾಗಾದರೆ ಅವರ ಹತ್ತಿರವೇ ಮಾಡಿಸಿ" ಅಂದರು. ಡೆಕ್ಸಾ ಮಾಡಿಸಿದೆವು, ಮೈನಸ್ 1.8. ಪರವಾಗಿಲ್ಲ ಅಂದರು. ಬೇರೆ ಕಂಪನಿ ಕೇಜ್ ಬಗ್ಗೆಯೂ ಕೇಳಿದೆ ಮೇಷ್ಟ್ರೇ, ಸ್ವಲ್ಪ ಇಳಿಯಿತು, ನಿಮ್ಮ ಭಾವನಷ್ಟು ಇಲ್ಲ.

ಮೊನ್ನೆ ಮಂಗಳವಾರ ಆಪರೇಷನ್ ಆಯಿತು. ಐದೂವರೆ ಗಂಟೆ. ನಾನೂ ಚಿಕ್ಕಪ್ಪನೂ ಹೊರಗೆ ಕೂತು ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಅಪ್ಪ ಬಲಗಾಲಿನ ಹೆಬ್ಬೆರಳು ಆಡಿಸಿ ತೋರಿಸಿದರು.

ಹುಬ್ಬಳ್ಳಿ_ಮಿರ್ಚಿ

ಭಾಳ ಖುಷಿಯಾತು ತಮ್ಮಾ! ಮಾತ್ರೆ ಮಾತ್ರ ಒಂದು ದಿನ ತಪ್ಪಿಸಬೇಡ.

ಪೀಜಿ_ಮುಗಿಸಿದವ

ಅದನ್ನೇ ಬರೆಯಲು ಬಂದೆ. ಟಿಬಿ ವಾಸಿ ಮಾಡುವುದು ಮಾತ್ರೆ, ಕೇಜ್ ಅಲ್ಲ. ಬೆನ್ನಿನ ಟಿಬಿಗೆ ಕನಿಷ್ಠ 12 ತಿಂಗಳು, ಕೆಲವರಿಗೆ 18. ನೋವು ಹೋಯಿತು ಅಂತ ಐದನೇ ತಿಂಗಳಿಗೆ ಬಿಟ್ಟು, ಕೇಜ್ ಸುತ್ತ ಮತ್ತೆ ಕೀವು ತುಂಬಿಸಿಕೊಂಡು ಬಂದವರನ್ನು ನೋಡಿದ್ದೇನೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮಾತ್ರೆಯದ್ದೇ. ಕಣ್ಣು ಮಂಜಾದರೆ, ಬಣ್ಣ ಬೇರೆ ಥರ ಕಂಡರೆ ಮಾತ್ರ ತಕ್ಷಣ ಹೇಳಿ.

ತುಂಗಾತೀರ

ಏಳು ವಾರ ಆಯಿತು. ವಾಕರ್ ಹಿಡಿದು ಅಂಗಳದ ತನಕ ನಡೆಯುತ್ತಾರೆ. ಎಡಗಾಲು ಸರಿಯಾಗಿದೆ, ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಹೊಟ್ಟೆಯ ಬಲಕ್ಕೆ ಒಂದು ಪಟ್ಟಿ ಜೋಮು ಅನ್ನುತ್ತಾರೆ. ಡಾಕ್ಟರ್ ಸಾರ್ ಹೇಳಿದ್ದು ನೆನಪಿತ್ತು, ಹಾಗಾಗಿ ಹೆದರಲಿಲ್ಲ. ಸ್ಟಿಕರ್ ಫೈಲ್‌ನಲ್ಲಿದೆ ಅಕ್ಕಾ, ಕೇಳಿ ಇಸಿದುಕೊಂಡೆ.

ನಿನ್ನೆ ಎಕ್ಸ್‌ರೇ ತೋರಿಸಿದಾಗ ಕೇಜ್ ಜಾಗದಲ್ಲೇ ಇದೆ ಅಂದರು. ನಾನು ಜಾಕ್ ಕಥೆಯನ್ನು ಅಪ್ಪನಿಗೆ ಮೊದಲೇ ಹೇಳಿದ್ದೆ. ಎಕ್ಸ್‌ರೇ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ "ಟೈರು ಬದಲಾಯಿಸಿ ಆದಮೇಲೆ ಜಾಕ್ ವಾಪಸ್ ತೆಗೀಬೇಕಲ್ಲೋ, ಇವರು ಮರೆತಿದ್ದಾರಾ?" ಅಂದರು.

ಓಟಿ_ಅಕ್ಕ

ತೆಗೆಯುವುದಿಲ್ಲ ಅಂತ ಹೇಳಿ ಅಪ್ಪಾಜಿಗೆ. ಸುತ್ತ ಮೂಳೆ ಬೆಳೆದು ಹಿಡಿದುಕೊಳ್ಳಬೇಕು, ಅದಕ್ಕೆ ಇನ್ನೂ ತಿಂಗಳುಗಟ್ಟಲೆ ಬೇಕು. ಅಲ್ಲಿಯತನಕ ಬಗ್ಗಿ ಬಿಂದಿಗೆ ಎತ್ತಲು ಬಿಡಬೇಡಿ. ಮುಂದಿನ ಎಕ್ಸ್‌ರೇ ಯಾವಾಗ?

ತುಂಗಾತೀರ

ಮೂರನೇ ತಿಂಗಳಿಗೆ ಅಕ್ಕಾ. ಬಿಂದಿಗೆ ಅಮ್ಮ ಮುಚ್ಚಿಟ್ಟಿದ್ದಾರೆ.